ಚಿಕ್ಕಪ್ಪನ ಮೆಟಡೋರ್

1980ರ ದಶಕದಲ್ಲಿ ಅರಸೀಕೆರೆ ಕಡೆಯವರು ಮನೆಮಂದಿಯೆಲ್ಲ ಸೇರಿ ಧರ್ಮಸ್ಥಳಕ್ಕೆ ಹೋಗಿಬರಬೇಕೆಂದರೆ ಎರಡು ದಾರಿ ಇದ್ದವು. ಹಾಸನ, ಸಕಲೇಶಪುರದ ಮೇಲೆ ಹೋಗುವ ಮೀಟರ್ ಗೇಜ್ ರೈಲು ಹಿಡಿದು, ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಬಸ್ಸಿಗೆ ಕಾಯುವುದು ಒಂದು. ಊರಲ್ಲೇ ಯಾರದಾದರೂ ಮೆಟಡೋರ್ ಮಾತಾಡಿಕೊಳ್ಳುವುದು ಇನ್ನೊಂದು. ಮಂಡಿನೋವಿನ ಅಜ್ಜಿ, ಎಳೆಗೂಸು, ಮುಡಿ ಕೊಡಬೇಕಾದ ಮಕ್ಕಳು, ಜೊತೆಗೆ ಅಕ್ಕಿ, ಬೇಳೆ, ಪಾತ್ರೆ ಪಡಗ ಎಲ್ಲ ಇದ್ದವರು ಮೆಟಡೋರನ್ನೇ ಮಾತಾಡಿಕೊಳ್ಳುತ್ತಿದ್ದರು. ನಮ್ಮ ಚಿಕ್ಕಪ್ಪನ ಮನೆಗೆ ಅನ್ನ ಬಂದದ್ದು ಅವರಿಂದ.

ಬಸ್ ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿ ಒಂದು ಹೊಂಗೆ ಮರ. ಅದರ ನೆರಳಲ್ಲಿ ನಾಲ್ಕೈದು ಮೆಟಡೋರ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಎಲ್ಲದರ ಹಣೆಯ ಮೇಲೂ ಒಂದೊಂದು ದೇವರ ಹೆಸರು. ಒಂದರ ಮೇಲೆ ಮಾಲೇಕಲ್ ತಿರುಪತಿ ವೆಂಕಟರಮಣ, ಇನ್ನೊಂದರ ಮೇಲೆ ಆಂಜನೇಯ. ನಮ್ಮದರ ಮೇಲೆ ‘ಶ್ರೀ ಜೇನುಕಲ್ ಸಿದ್ದೇಶ್ವರ ಪ್ರಸನ್ನ’. ಸ್ಟಿಕ್ಕರ್ ಇನ್ನೂ ಬಂದಿರದ ಕಾಲ. ಪೇಂಟರು ಕುಂಚ ಹಿಡಿದು, ಒಂದೊಂದು ಅಕ್ಷರದ ಬೆನ್ನಿಗೂ ಕೆಂಪು ನೆರಳು ಕೊಟ್ಟು, ಅರ್ಧ ದಿನ ಕೂತು ಬರೆಯುತ್ತಿದ್ದರು. ಯಾತ್ರೆಗೆ ಹೊರಡುವ ಮನೆಯ ಹಿರಿಯರು ಮರದಡಿಗೆ ಬಂದು, ವೀಳ್ಯದೆಲೆ ಅಡಿಕೆಯ ಮೇಲೆ ಅಡ್ವಾನ್ಸ್ ಹಣ ಇಟ್ಟು ಡ್ರೈವರ್ ಕೈಗೆ ಕೊಟ್ಟರೆ ಬುಕಿಂಗ್ ಆದ ಹಾಗೆ. ರಸೀದಿ ಇಲ್ಲ, ಕರಾರು ಇಲ್ಲ. ಕೊಬ್ಬರಿಗೆ ಒಳ್ಳೆಯ ರೇಟು ಬಂದ ವರ್ಷ ಆ ಮರದಡಿ ಒಂದು ಗಾಡಿಯೂ ನಿಂತಿರುತ್ತಿರಲಿಲ್ಲ. ಕಾರ್ತೀಕದ ಲಕ್ಷದೀಪೋತ್ಸವಕ್ಕೆ, ಕುಕ್ಕೆಯ ಚಂಪಾ ಷಷ್ಠಿಗೆ, ಆಮೇಲೆ ಬೇಸಿಗೆ ರಜೆಗೆ ಗಾಡಿ ಸಿಗಬೇಕಾದರೆ ತಿಂಗಳು ಮೊದಲೇ ಎಲೆ ಅಡಿಕೆ ಕೊಡಬೇಕಿತ್ತು.

ಚಿಕ್ಕಪ್ಪ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದರು. ಚಿಕ್ಕಮ್ಮನ ನಾಲ್ಕು ಬಳೆ ಬ್ಯಾಂಕಿನಲ್ಲಿ ಅಡ ಕೂತವು, ಎರಡು ಹಸು ಸಂತೆಗೆ ಹೋದವು. ಹಾಗಾಗಿ ಆ ಗಾಡಿಯಲ್ಲಿ ತನ್ನದೂ ಪಾಲಿದೆ ಅಂತ ಚಿಕ್ಕಮ್ಮ ಮೊದಲ ದಿನದಿಂದಲೂ ನಂಬಿದ್ದರು. ಗಾಡಿಯ ಬಗ್ಗೆ ಯಾವ ತೀರ್ಮಾನವೂ ಅವರನ್ನು ಕೇಳದೆ ಆಗುತ್ತಿರಲಿಲ್ಲ. ಕೆನೆ ಬಣ್ಣದ ಮೈ, ಸೊಂಟದ ಸುತ್ತ ನೀಲಿ ಪಟ್ಟಿ. ಮುಂದೆ ಮೂತಿಯೇ ಇಲ್ಲ, ಚಪ್ಪಟೆ ಮುಖ. ಎಂಜಿನ್ ಒಳಗೇ, ಡ್ರೈವರ್ ಸೀಟಿನ ಎಡಕ್ಕೆ, ತಗಡಿನ ಮುಚ್ಚಳದ ಕೆಳಗೆ. ನಾನು ಹೈಸ್ಕೂಲು ಸೇರಿದ ಮೇಲೆ ರಜೆ ಬಂತೆಂದರೆ ಆ ಗಾಡಿಗೆ ಕ್ಲೀನರ್. ಲೈಸೆನ್ಸ್ ಆದ ಮೇಲೆ ಕೆಲವು ವರ್ಷ ನಾನೇ ಓಡಿಸಿದೆ. ಈ ಲೇಖನದಲ್ಲಿರುವುದು ಆ ಎರಡು ಸೀಟುಗಳಿಂದ ಕಂಡದ್ದು.

ಚಿಕ್ಕಪ್ಪ ಅದನ್ನು ‘ಪುಣೆ ಗಾಡಿ’ ಅನ್ನುತ್ತಿದ್ದರು. ಪುಣೆ ಹತ್ತಿರದ ಆಕುರ್ಡಿಯ ಬಜಾಜ್ ಟೆಂಪೋ ಕಾರ್ಖಾನೆಯಲ್ಲಿ ತಯಾರಾದದ್ದು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಅದಕ್ಕೂ ಹಿಂದೆ ಅದಕ್ಕೊಂದು ಜರ್ಮನಿಯ ತವರಿತ್ತು ಅಂತ ನಾನು ತಿಳಿದುಕೊಂಡದ್ದು ಬಹಳ ಆಮೇಲೆ. ಹ್ಯಾಂಬರ್ಗಿನ ಟೆಂಪೋ ಕಂಪನಿ 1949ರಲ್ಲಿ ಮೆಟಡೋರ್ ಅನ್ನುವ ಹೆಸರಿನ ಮೊದಲ ಗಾಡಿ ಹೊರತಂದಾಗ ಅದರೊಳಗೆ ಕೂರಿಸಿದ್ದು ಫೋಕ್ಸ್‌ವ್ಯಾಗನ್ ಎಂಜಿನ್. ಮರುವರ್ಷ ಫೋಕ್ಸ್‌ವ್ಯಾಗನ್‌ನವರೇ ತಮ್ಮ ಸ್ವಂತ ವ್ಯಾನು ತಂದರು, ಸ್ವಲ್ಪ ಕಾಲದಲ್ಲೇ ಟೆಂಪೋಗೆ ಎಂಜಿನ್ ಕೊಡುವುದನ್ನು ನಿಲ್ಲಿಸಿಬಿಟ್ಟರು. ಆಮೇಲೆ ಟೆಂಪೋ ಕಂಪನಿ ಹ್ಯಾನೊಮಾಗ್ ಕೈಗೆ ಹೋಯಿತು, ಹ್ಯಾನೊಮಾಗ್‌ನ ವ್ಯಾನುಗಳು ಮರ್ಸಿಡಿಸ್ ಮನೆ ಸೇರಿದವು. ಅಷ್ಟರಲ್ಲಿ ನಮ್ಮಲ್ಲಿ ಎನ್. ಕೆ. ಫಿರೋದಿಯಾ ಅವರು ಕಟ್ಟಿದ ಬಜಾಜ್ ಟೆಂಪೋ ಆ ಮೆಟಡೋರನ್ನೇ ಭಾರತದಲ್ಲಿ ಮಾಡಲು ಶುರು ಮಾಡಿತ್ತು. ತವರಿನಲ್ಲಿ ಅದರ ಹೆಸರು ಅಳಿಸಿಹೋಗಿ ಎಷ್ಟೋ ವರ್ಷ ಆದ ಮೇಲೂ ಅದು ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತುತ್ತಿತ್ತು.

ಅದರ ದೊಡ್ಡ ಗುಣ, ಅದೇ ಅದರ ದೊಡ್ಡ ಕಷ್ಟ ಕೂಡ, ಮುಂದಿನ ಚಕ್ರ ಎಳೆಯುವುದು. ಬೇರೆ ವ್ಯಾನು, ಲಾರಿಗಳಲ್ಲಿ ಎಂಜಿನ್ನಿನ ಬಲ ಉದ್ದದ ಶಾಫ್ಟಿನಲ್ಲಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಮೆಟಡೋರಿನಲ್ಲಿ ಆ ಶಾಫ್ಟೇ ಇಲ್ಲ. ಹಾಗಾಗಿ ಗಾಡಿಯ ನೆಲ ತೀರಾ ತಗ್ಗು. ಎಪ್ಪತ್ತು ದಾಟಿದ ಅಜ್ಜಿಯೂ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂರಬಹುದಿತ್ತು. ನಮ್ಮ ಕಡೆಯ ಮುದುಕರು ಈ ಗಾಡಿಯನ್ನು ಅಷ್ಟು ಹಚ್ಚಿಕೊಂಡದ್ದಕ್ಕೆ ಇದೇ ಕಾರಣ ಅಂತ ಈಗಲೂ ನನ್ನ ನಂಬಿಕೆ. ಆದರೆ ಘಟ್ಟ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗಿ, ಮುಂದಿನ ಚಕ್ರ ನೆಲ ಕಚ್ಚದೆ ಗರಗರ ತಿರುಗುತ್ತಿತ್ತು. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಆ ತಿರುವುಗಳಲ್ಲಿ ದೊಡ್ಡ ಬಸ್ಸುಗಳು ತಿರುಗುವುದಿಲ್ಲ, ಇವತ್ತಿಗೂ ಅಲ್ಲಿ ಓಡುವುದು ಮಿನಿ ಬಸ್ಸುಗಳೇ. ಮೆಟಡೋರ್ ಸಲೀಸಾಗಿ ತಿರುಗುತ್ತಿತ್ತು. ಹತ್ತಿಸುವುದು ಮಾತ್ರ ಲೆಕ್ಕಾಚಾರದ ಕೆಲಸ. ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ಚಿಕ್ಕಪ್ಪ ಎಲ್ಲರ ಜಾಗ ಬದಲಿಸುತ್ತಿದ್ದರು. “ದಪ್ಪಗಿರೋರೆಲ್ಲ ಮುಂದಕ್ಕೆ ಬನ್ರಪ್ಪ, ಮಕ್ಳು ಹಿಂದಕ್ಕೆ ಹೋಗ್ಲಿ. ಕ್ಯಾರಿಯರ್ ಮ್ಯಾಲಿರೋ ಅಕ್ಕಿಮೂಟೆ ಇಳ್ಸಿ ನನ್ನ ಕಾಲ ಹತ್ರ ಹಾಕೋ.” ಆ ಕೊನೆಯ ಮಾತು ನನಗೆ. ಮರದ ತುಂಡು ಹಿಡಿದು ಹಿಂದಿನ ಬಾಗಿಲ ಹತ್ತಿರ ಕೂರುವುದು ನನ್ನ ಕೆಲಸ. ಗಾಡಿ ನಿಂತುಬಿಟ್ಟರೆ ಧುಮುಕಿ ಚಕ್ರದ ಹಿಂದಕ್ಕೆ ಅದನ್ನು ಇಡಬೇಕು. ಸ್ಟೇರಿಂಗ್ ಪೂರಾ ತಿರುಗಿಸಿದಾಗ ಮುಂದಿನ ಆಕ್ಸಲ್ ಜಾಯಿಂಟು ಕಟಕಟ ಅನ್ನುತ್ತಿತ್ತು. ಆ ಸದ್ದು ಕೇಳಿಯೇ ಜಾಯಿಂಟು ಇನ್ನೆಷ್ಟು ದಿನ ಬಾಳುತ್ತದೆ ಅಂತ ಚಿಕ್ಕಪ್ಪ ಹೇಳುತ್ತಿದ್ದರು, ಅದು ತಪ್ಪುತ್ತಿರಲಿಲ್ಲ.

ಈ ಗಾಡಿ ಮನೆಯಾದದ್ದು ಹೇಗೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಯಾತ್ರೆ ಅಂದರೆ ಐದಾರು ದಿನ. ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆ, ಧರ್ಮಸ್ಥಳ. ಅಲ್ಲಿಂದ ಕುಕ್ಕೆ. ಆಮೇಲೆ ಉಡುಪಿ, ಕೊಲ್ಲೂರು. ಆಗುಂಬೆ ಹತ್ತಿ ಶೃಂಗೇರಿ, ಹೊರನಾಡು, ಮತ್ತೆ ಮೂಡಿಗೆರೆ ಮೇಲೆ ಊರಿಗೆ. ಛತ್ರಗಳಲ್ಲಿ ಜಾಗ ಸಿಕ್ಕಿದರೆ ಪುಣ್ಯ. ಜಾತ್ರೆ ಕಾಲದಲ್ಲಿ ಸಿಗುತ್ತಿರಲಿಲ್ಲ. ಗಾಡಿಯೊಳಗೆ ಎರಡು ಬದಿಗೂ ಉದ್ದಕ್ಕೆ ಎರಡು ಬೆಂಚು ಸೀಟು, ನಡುವೆ ಕಾಲು ಚಾಚುವ ಜಾಗ. ಚಿಕ್ಕಪ್ಪ ಮೂಡಿಗೆರೆ ಕಡೆಯಿಂದ ಸಿಲ್ವರ್ ಓಕ್ ಹಲಗೆ ತರಿಸಿ, ನಮ್ಮೂರ ಬಡಗಿಯ ಕೈಲಿ ಎರಡು ಸೀಟಿಗೂ ಅಡ್ಡ ಕೂರುವ ಹಾಗೆ ಏಳು ತುಂಡು ಮಾಡಿಸಿದರು. ಹಗಲು ಅವು ಸೀಟಿನ ಕೆಳಗೆ. ರಾತ್ರಿ ಒಂದೊಂದಾಗಿ ಜೋಡಿಸಿದರೆ ಗಾಡಿಯ ಉದ್ದಕ್ಕೂ ಒಂದೇ ಮಂಚ. ಬಡಗಿ ಹಲಗೆಗಳ ಅಂಚಿಗೆ ಉಳಿಯಲ್ಲಿ ಒಂದು ಗೀಟು, ಎರಡು ಗೀಟು ಅಂತ ಕೆತ್ತಿದ್ದ, ಕತ್ತಲಲ್ಲಿ ಬೆರಳಾಡಿಸಿ ಯಾವುದು ಎಲ್ಲಿಗೆ ಅಂತ ತಿಳಿಯಲಿ ಅಂತ. ಹೆಂಗಸರು ಮಕ್ಕಳು ಒಳಗೆ. ಗಂಡಸರಿಗೆ ಗಾಡಿಯ ಪಕ್ಕಕ್ಕೆ ಟಾರ್ಪಾಲು ಇಳಿಬಿಟ್ಟು ಜಮಖಾನ ಹಾಸುತ್ತಿದ್ದೆವು. ಚಿಕ್ಕಪ್ಪ ಮಾತ್ರ ಡ್ರೈವರ್ ಸೀಟಿನಲ್ಲೇ, ಸ್ಟೇರಿಂಗ್ ಮೇಲೆ ಟವೆಲು ಸುತ್ತಿ ತಲೆ ಇಟ್ಟು ಮಲಗುತ್ತಿದ್ದರು.

ಒಂದು ಸೀಟಿನ ಕೆಳಗೆ ತಗಡಿನ ಪೆಟ್ಟಿಗೆ: ಪಂಪ್ ಸ್ಟವ್, ಪಿನ್ನು, ಸೀಮೆಎಣ್ಣೆ ಕ್ಯಾನು, ಈಳಿಗೆ ಮಣೆ. ಇನ್ನೊಂದರ ಕೆಳಗೆ ಯಾತ್ರೆಯವರ ಸಾಮಾನು. ಮೊದಲ ಎರಡು ದಿನಕ್ಕೆ ಮನೆಯಿಂದ ಬಂದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಆಮೇಲೆ ಎಲ್ಲಿ ನೀರು ಕಂಡರೆ ಅಲ್ಲಿ ಅಡುಗೆ. ಬಾಳೆಹೊನ್ನೂರು ದಾಟಿ ಮಾಗುಂಡಿ ಕಡೆ ಹೋಗುವ ರಸ್ತೆಯಲ್ಲಿ ಭದ್ರಾ ಹೊಳೆಗೆ ಇಳಿಯಲು ಒಂದು ಜಾಗ ಇತ್ತು. ಅಲ್ಲಿ ಗಾಡಿ ನಿಂತರೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಒಬ್ಬರು ಅಕ್ಕಿ ತೊಳೆಯಲು, ಒಬ್ಬರು ಕಾಯಿ ತುರಿಯಲು, ಹುಡುಗರು ಈಜಲು. ಚಿಕ್ಕಮ್ಮ ನೆಂಟರ ಯಾತ್ರೆಗಳಿಗೆ ಜೊತೆಗೆ ಬರುತ್ತಿದ್ದರು. ಅವರ ಒಂದು ಉಪಾಯ ಆಮೇಲೆ ಊರಿನ ಮೆಟಡೋರ್‌ಗಳಿಗೆಲ್ಲ ಹಬ್ಬಿತು. ಮಲೆನಾಡಿನ ಚಳಿಗೆ ದೋಸೆಹಿಟ್ಟು ಹುಳಿ ಬರುವುದಿಲ್ಲ. ಅವರು ರುಬ್ಬಿ ತಂದ ಹಿಟ್ಟಿನ ಡಬರಿಯನ್ನು ಕಂಬಳಿ ಸುತ್ತಿ, ಬಿಸಿಯಾಗಿದ್ದ ಎಂಜಿನ್ ಮುಚ್ಚಳದ ಮೇಲೆ ರಾತ್ರಿ ಇಡುತ್ತಿದ್ದರು. ಬೆಳಗ್ಗೆ ಹಿಟ್ಟು ಉಕ್ಕಿ ಡಬರಿಯ ಅಂಚಿಗೆ ಬಂದಿರುತ್ತಿತ್ತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದ ಮಕ್ಕಳಿಗೆ ಗಾಡಿಯ ಬಾಗಿಲಲ್ಲೇ ಬಿಸಿ ದೋಸೆ.

ಈ ಸುಖದ ಜೊತೆಗೆ ಇನ್ನೊಂದನ್ನೂ ಬರೆಯಲೇಬೇಕು. ಆ ಯಾತ್ರೆಗಳಲ್ಲಿ ಹೆಂಗಸರಿಗೆ ಬಹಳ ಕಷ್ಟ ಇತ್ತು. ದಾರಿಯುದ್ದಕ್ಕೂ ಶೌಚಾಲಯ ಅನ್ನುವುದು ಇರಲಿಲ್ಲ. ಕತ್ತಲಾಗುವುದನ್ನು ಕಾಯಬೇಕು, ಇಲ್ಲವೇ ಬೆಳಕು ಹರಿಯುವ ಮೊದಲೇ ಏಳಬೇಕು. ನೀರು ಕುಡಿದರೆ ಇಳಿಯಬೇಕಾಗುತ್ತದೆ ಅಂತ ದಿನವಿಡೀ ಬಾಯಾರಿಕೊಂಡೇ ಕೂತಿದ್ದವರನ್ನು ಕಂಡಿದ್ದೇನೆ. ಹಳೆಯ ಯಾತ್ರೆಯನ್ನು ಹೊಗಳುವವರು ಇದನ್ನು ಮರೆತು ಹೊಗಳುತ್ತಾರೆ. ಅದು ಸರಿಯಲ್ಲ.

1980ರ ದಶಕದ ಕೊನೆಯ ಒಂದು ಚಳಿಗಾಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೆ ನಮ್ಮ ಗಾಡಿಯ ಪಕ್ಕ ಒಂದು ಫೋಕ್ಸ್‌ವ್ಯಾಗನ್ ವ್ಯಾನು ಬಂದು ನಿಂತಿತು. ಜರ್ಮನಿಯ ಗಂಡ ಹೆಂಡತಿ. ಟರ್ಕಿ, ಇರಾನ್, ಪಾಕಿಸ್ತಾನ ಹಾದು ವಾಘಾ ಗಡಿಯಲ್ಲಿ ಒಳಬಂದು, ಗೋವಾ ನೋಡಿಕೊಂಡು ಈ ಕಡೆ ಇಳಿದಿದ್ದರು. ನಮ್ಮ ಯಾತ್ರೆಯವರೆಲ್ಲ ಗುಡಿಯೊಳಗಿದ್ದರು. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಮಾತು ಶುರುವಾಯಿತು. ಆತ ನಮ್ಮ ಗಾಡಿಯ ಮುಖವನ್ನು ಸುತ್ತಿ ಸುತ್ತಿ ನೋಡಿ, ಇಂಥದ್ದು ತಮ್ಮೂರಲ್ಲಿ ಬೇಕರಿಯವನ ಹತ್ತಿರ ಇತ್ತು ಅಂದ. ಅವರ ವ್ಯಾನಿನ ಬಾಗಿಲು ಸರಿಸಿ ತೋರಿಸಿದರು. ಮಡಿಸುವ ಮೇಜು, ಸೀಟನ್ನೇ ಎಳೆದರೆ ಹಾಸಿಗೆ, ಪುಟ್ಟ ಒಲೆ, ಕಿಟಕಿಗೆ ಚೌಕುಳಿ ಪರದೆ, ಮೇಲಕ್ಕೆತ್ತಿದರೆ ಡೇರೆಯಾಗುವ ಮಾಡು. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಅನ್ನುವ ಕಂಪನಿ 1951ರಿಂದಲೇ ಫೋಕ್ಸ್‌ವ್ಯಾಗನ್ ವ್ಯಾನಿಗೆ ಇಂಥ ಮನೆಸಾಮಾನು ಜೋಡಿಸಿ ಕೊಡುತ್ತಿತ್ತು ಅಂತ ಆಮೇಲೆ ಓದಿದೆ. ಚಿಕ್ಕಪ್ಪ ಒಂದು ಮಾತೂ ಆಡದೆ ಎಲ್ಲ ನೋಡಿದರು. ಆಮೇಲೆ ನಮ್ಮ ಗಾಡಿಯ ಹಿಂದಿನ ಬಾಗಿಲು ತೆಗೆದು, ಏಳೂ ಹಲಗೆ ಎಳೆದು, ಅವರ ಕಣ್ಣೆದುರಿಗೇ ಮಂಚ ಜೋಡಿಸಿದರು. ಆ ಹೆಂಗಸು ಕೈತಟ್ಟಿ ನಕ್ಕು, ಹತ್ತಿ ಮಲಗಿಯೇ ನೋಡಿದಳು. ಚಿಕ್ಕಮ್ಮ ಇಬ್ಬರಿಗೂ ಮುತ್ತುಗದ ಎಲೆಯಲ್ಲಿ ಚಿತ್ರಾನ್ನ ಬಡಿಸಿದರು. ಅಷ್ಟು ದೂರದಿಂದ ಬಂದ ಆ ವ್ಯಾನಿನಲ್ಲಿ ಇದ್ದವರು ಅವರಿಬ್ಬರೇ. ನಮ್ಮ ಗಾಡಿಯ ಒಳಗೂ ಪಕ್ಕಕ್ಕೂ ಸೇರಿ ಹದಿನಾರು ಜನ ಮಲಗುತ್ತಾರೆ ಅಂದಾಗ ಆತ ನನ್ನ ಇಂಗ್ಲಿಷ್ ತಪ್ಪಿರಬೇಕು ಅಂದುಕೊಂಡು ಬೆರಳಲ್ಲಿ ಎಣಿಸಿ ತೋರಿಸಲು ಹೇಳಿದ.

ಮುಂದಿನ ಯಾತ್ರೆಯ ಹೊತ್ತಿಗೆ ನಮ್ಮ ಗಾಡಿಯ ಕಿಟಕಿಗಳಿಗೂ ಪರದೆ ಬಂದವು. ಚಿಕ್ಕಮ್ಮನ ಹಳೆಯ ಇಳಕಲ್ ಸೀರೆ ಕತ್ತರಿಸಿ ಹೊಲಿದದ್ದು.

ಗಾಡಿಯ ಮೇಲಿನ ಪ್ರೀತಿ ಬೆಳೆಯುವುದು ಅದನ್ನು ಓಡಿಸಿದ್ದರಿಂದಲ್ಲ, ಅದಕ್ಕೆ ಕೈ ಮಸಿ ಮಾಡಿಕೊಂಡದ್ದರಿಂದ. ಬೆಳಗಿನ ಜಾವ ಹೀಟರ್ ಕಾಯಿಸಿ, ಅದು ಕಾಯುವಷ್ಟು ಹೊತ್ತು ಜೇನುಕಲ್ ಸಿದ್ದೇಶ್ವರನನ್ನು ನೆನೆದು, ಸೆಲ್ಫ್ ಹೊಡೆಯುವುದು. ಡೀಸೆಲ್ ಮುಗಿದು ಏರ್ ಹಿಡಿದರೆ ಪಂಪ್ ಒತ್ತಿ ಒತ್ತಿ, ನಟ್ಟು ಸಡಿಲಿಸಿ, ಗುಳ್ಳೆ ಹೋಗಿ ಬರೀ ಡೀಸೆಲ್ ಚಿಮ್ಮುವ ತನಕ ಏರ್ ತೆಗೆಯುವುದು. ಘಟ್ಟದ ಅರ್ಧದಲ್ಲಿ ರೇಡಿಯೇಟರ್ ಕುದಿಯಿತು ಅಂದರೆ ಮುಚ್ಚಳಕ್ಕೆ ಕೈ ಹಾಕುವ ಹಾಗಿಲ್ಲ. “ಅದೂ ಒಂಚೂರು ಉಸ್ರು ತಗೊಳ್ಲಿ” ಅಂತ ಚಿಕ್ಕಪ್ಪ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ಯಾತ್ರೆಯವರೂ ಇಳಿದು, ಝರಿಯ ನೀರಲ್ಲಿ ಮುಖ ತೊಳೆದು, ಕೋಡುಬಳೆ ಡಬ್ಬಿ ತೆಗೆಯುತ್ತಿದ್ದರು. ಗಾಡಿ ನಿಂತದ್ದಕ್ಕೆ ಸಿಟ್ಟಾದವರನ್ನು ನಾನು ನೋಡಿದ್ದು ಕಡಿಮೆ. ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟಿಗೆ ಅಂದರೆ ಎಫ್‌ಸಿಗೆ ಹೋಗುವ ಮೊದಲು ಟಿಂಕರಿಂಗ್, ಪೇಂಟು, ಸೀಟಿನ ಕುಷನ್. ಆಯುಧಪೂಜೆಗೆ ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಚಿಕ್ಕಮ್ಮ ಅದರ ಹಣೆಗೆ ಕುಂಕುಮ ಇಡುವಾಗ ಮಗಳಿಗೆ ಇಟ್ಟ ಹಾಗೇ ಇಡುತ್ತಿದ್ದರು.

ಬದಲಾವಣೆ ಒಂದೇ ಸಲ ಬರಲಿಲ್ಲ, ಒಂದೇ ಕಡೆಯಿಂದಲೂ ಬರಲಿಲ್ಲ. ಮೊದಲು ಬಂದದ್ದು ಲಾಭದ ರೂಪದಲ್ಲಿ. ಹಾಸನ–ಮಂಗಳೂರು ರೈಲುದಾರಿ 1979ರಲ್ಲಿ ಶುರುವಾಗಿತ್ತು. 1990ರ ದಶಕದ ನಡುವೆ ಬ್ರಾಡ್ ಗೇಜ್ ಮಾಡುವುದಕ್ಕೆ ಅಂತ ಅದನ್ನು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟೂ ವರ್ಷ ಘಟ್ಟದ ಕೆಳಗಿಳಿಯುವವರಿಗೆಲ್ಲ ರಸ್ತೆಯೇ ಗತಿ. ಹೊಂಗೆ ಮರದಡಿ ಗಾಡಿಗಳು ಹೆಚ್ಚಾದವು. ಆದರೆ ಹೆಚ್ಚಾದವು ಮೆಟಡೋರ್‌ಗಳಲ್ಲ. ಅದೇ ಬಜಾಜ್ ಟೆಂಪೋ 1987ರಲ್ಲಿ ತಂದಿದ್ದ ಟ್ರಾವೆಲರ್, ಮರ್ಸಿಡಿಸ್ ವ್ಯಾನಿನ ನಕಾಶೆಯದು, ಹಿಂದಿನ ಚಕ್ರ ಎಳೆಯುವಂಥದ್ದು, ಘಟ್ಟಕ್ಕೆ ಹೆದರುತ್ತಿರಲಿಲ್ಲ. ಅದರ ಹಿಂದೆಯೇ 1994ರಲ್ಲಿ ಟಾಟಾ ಸುಮೋ. 2000ದಲ್ಲಿ ಕ್ವಾಲಿಸ್. ಮೆಟಡೋರ್ ತಯಾರಿಕೆ ಅಷ್ಟು ಹೊತ್ತಿಗೆ ಮುಗಿಯುತ್ತ ಬಂದಿತ್ತು. 2005ರಲ್ಲಿ ಇನ್ನೋವಾ ಬಂತು. ಅದೇ ವರ್ಷ ಬಜಾಜ್ ಟೆಂಪೋ ತನ್ನ ಹೆಸರನ್ನೇ ಫೋರ್ಸ್ ಮೋಟಾರ್ಸ್ ಅಂತ ಬದಲಿಸಿಕೊಂಡಿತು. ಟೆಂಪೋ ಅನ್ನುವ ಕಂಪನಿಯೂ ಇಲ್ಲ, ಮೆಟಡೋರ್ ಅನ್ನುವ ಗಾಡಿಯೂ ಇಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೆಸರು ಹೇಳಿದರೆ ಹಳಬರು ಮಾತ್ರ ತಲೆ ಎತ್ತಿ ನೋಡುತ್ತಿದ್ದರು.

ಗಾಡಿ ಬದಲಾದ ಹಾಗೆ ಯಾತ್ರೆಯೂ ಬದಲಾಯಿತು. ಮ್ಯಾಕ್ಸಿಕ್ಯಾಬ್‌ಗೆ ಕಾನೂನಿನಲ್ಲಿ ಡ್ರೈವರ್ ಬಿಟ್ಟು 12 ಜನ ಅಂತಿರುವುದು 1988ರ ಮೋಟಾರು ವಾಹನ ಕಾಯ್ದೆಯಿಂದಲೇ. ಅದನ್ನು ಬಿಗಿಯಾಗಿ ಕೇಳುವುದು ನಿಧಾನಕ್ಕೆ ಶುರುವಾಯಿತು. ಕೇಳಬೇಕಾದದ್ದೇ. ಮೇಲೆ ಕ್ಯಾರಿಯರ್‌ನಲ್ಲಿ ಜನ ಕೂರಿಸಿಕೊಂಡು ಘಟ್ಟ ಇಳಿಯುತ್ತಿದ್ದದ್ದನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಹದಿನಾರು ಇಪ್ಪತ್ತು ಜನರ ಒಟ್ಟು ಕುಟುಂಬ ಒಂದು ಗಾಡಿಯಲ್ಲಿ ಹಿಡಿಸದೆ ಎರಡಾಯಿತು, ಆಮೇಲೆ ಒಟ್ಟು ಕುಟುಂಬವೇ ಒಡೆದು ಗಾಡಿಯೂ ಚಿಕ್ಕದಾಯಿತು. ದೇವಸ್ಥಾನದ ಊರುಗಳಲ್ಲಿ ವಸತಿಗೃಹಗಳು ಬಂದವು, ರೂಮು ಮೊದಲೇ ಬುಕ್ ಆಗತೊಡಗಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟರೆ ಊಟಕ್ಕೆ ಧರ್ಮಸ್ಥಳ. ಸ್ಟವ್ ಹಚ್ಚುವ ಮಾತೇ ಇಲ್ಲ. ಐದು ದಿನದ ಯಾತ್ರೆ ಎರಡು ದಿನಕ್ಕೆ ಇಳಿಯಿತು, ಆಮೇಲೆ ರಾತ್ರಿ ಹೊರಟು ಮರುರಾತ್ರಿ ವಾಪಸ್. ಡ್ರೈವರ್ ಅನ್ನುವವನು ಮೊದಲು ಯಾತ್ರೆಯ ಹಿರಿಯ. ಯಾವ ಗುಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ, ಯಾವ ಹೊಳೆಯಲ್ಲಿ ಎಲ್ಲಿ ಸುಳಿ ಇದೆ, ಎಲ್ಲಿ ಒಳ್ಳೆಯ ಹಾಲು ಸಿಗುತ್ತದೆ, ಎಲ್ಲ ಅವನನ್ನೇ ಕೇಳಬೇಕು. ಊಟಕ್ಕೆ ಅವನದೇ ಮೊದಲ ಎಲೆ. ಈಗ ಫೋನು ದಾರಿ ಹೇಳುತ್ತದೆ, ಡ್ರೈವರ್ ಹೊರಗೆ ಗಾಡಿಯಲ್ಲೇ ಕೂತು ಊಟ ಮುಗಿಸುತ್ತಾನೆ. ಈ ಕಸುಬಿನಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಬದಲಾವಣೆ ಯಾವುದು ಅಂತ ಕೇಳಿದರೆ ಇದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೊದಲ ವಾರಗಳಲ್ಲಿ ಧರ್ಮಸ್ಥಳದ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಚಿಕ್ಕಪ್ಪನ ಮಗ ಈಗ ಟ್ರಾವೆಲರ್ ಓಡಿಸುತ್ತಾನೆ, ಅವನ ಬುಕಿಂಗ್‌ಗೆ ಅದು ದೊಡ್ಡ ಪೆಟ್ಟು. ಆದರೂ ನಮ್ಮ ಮನೆಯ ಹೆಂಗಸರು ಮೊದಲ ಬಾರಿಗೆ ಯಾರ ಗಾಡಿಯನ್ನೂ, ಯಾರ ರಜೆಯನ್ನೂ ಕಾಯದೆ ನಾಲ್ಕು ಜನ ಸೇರಿಕೊಂಡು ಕುಕ್ಕೆಗೆ ಹೋಗಿಬಂದರು. ಅದನ್ನು ನಾನು ಕೆಟ್ಟದ್ದು ಅನ್ನಲಾರೆ. ಅವನೂ ಅನ್ನುವುದಿಲ್ಲ.

ನಮ್ಮ ಮೆಟಡೋರ್ ಯಾತ್ರೆ ಬಿಟ್ಟ ಮೇಲೆ ಸ್ವಲ್ಪ ಕಾಲ ಶಾಲೆ ಮಕ್ಕಳನ್ನು ಸಾಗಿಸಿತು. ಆಮೇಲೆ ಸೀಟು ತೆಗೆಸಿ ತೆಂಗಿನಕಾಯಿ. ಎಫ್‌ಸಿ ಮಾಡಿಸುವ ಖರ್ಚು ಗಾಡಿಯ ದುಡಿಮೆಗಿಂತ ಹೆಚ್ಚಾದ ವರ್ಷ ಚಿಕ್ಕಪ್ಪ ಅದನ್ನು ತೋಟದ ಕೊಬ್ಬರಿ ಶೆಡ್ಡಿನಲ್ಲಿ ನಿಲ್ಲಿಸಿ, ಚಕ್ರದ ಕೆಳಗೆ ಕಲ್ಲು ಕೊಟ್ಟು, ಬ್ಯಾಟರಿ ಬಿಚ್ಚಿಟ್ಟರು. ಗುಜರಿಯವರು ಆಗಾಗ ಬಂದು ಕೇಳುತ್ತಿದ್ದರು. ಚಿಕ್ಕಪ್ಪ ಮಾತಾಡುತ್ತಿರಲಿಲ್ಲ, ಚಿಕ್ಕಮ್ಮನೇ ಉತ್ತರ ಕೊಡುತ್ತಿದ್ದರು: “ಬಳೆ ವಾಪಸ್ ಬಂದೈತೆ, ಗಾಡಿ ಯಾಕಪ್ಪ ಕೊಡ್ಲಿ?” 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರ ಹಲವು ಪಟ್ಟು ಏರಿಸಿತು. ಸುತ್ತಮುತ್ತಲ ಹಳ್ಳಿಗಳಲ್ಲಿ ಉಳಿದಿದ್ದ ಹಳೆಯ ಗಾಡಿಗಳೂ ಅದರ ಮೇಲೆ ತೂಕಕ್ಕೆ ಹೋದವು. ಚಿಕ್ಕಪ್ಪ ಅದನ್ನು ನೋಡಲು ಇರಲಿಲ್ಲ. ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಈಗ ಚಿಕ್ಕಪ್ಪನ ಮಗನೂ ನಾನೂ ಬಿಡುವಾದಾಗ ಶೆಡ್ಡಿಗೆ ಹೋಗಿ ಅದರ ಮೇಲೆ ಕೆಲಸ ಮಾಡುತ್ತೇವೆ. ಮುಂದಿನ ಆಕ್ಸಲ್‌ಗೆ ಬೇಕಾದ ಜಾಯಿಂಟು ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ, ಎಣ್ಣೆಕಾಗದದಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ತುಕ್ಕು ತಿಂದ ನೆಲದ ತಗಡು ಬದಲಿಸಿದ್ದಾಯಿತು. ಎಂಜಿನ್ ಶುರುವಾಗುತ್ತದೆ. ಏಳು ಹಲಗೆಗಳಲ್ಲಿ ಆರು ಅಟ್ಟದ ಮೇಲೆ ಇದ್ದವು. ಮೂರು ಗೀಟಿನದನ್ನು ಚಿಕ್ಕಮ್ಮ ಹಪ್ಪಳ ಲಟ್ಟಿಸುವ ಮಣೆ ಮಾಡಿಕೊಂಡಿದ್ದರು, ಕೇಳಿದ ಕೂಡಲೇ ತಂದು ಕೊಟ್ಟರು. ಅದರ ಮೇಲೆ ಸ್ಟವ್ ಇಟ್ಟು ಸುಟ್ಟ ದುಂಡನೆಯ ಗುರುತು ಇನ್ನೂ ಇದೆ. ಪೇಂಟ್ ಮಾಡಿಸುವಾಗ ಹಣೆಯ ಮೇಲಿನ ಅಕ್ಷರ ಮುಟ್ಟುವುದು ಬೇಡ ಅಂತ ಚಿಕ್ಕಮ್ಮನ ಅಪ್ಪಣೆ. ಆ ಪೇಂಟರೂ ಈಗಿಲ್ಲ, ಆ ಕೈಬರಹ ಮತ್ತೆ ಬರುವುದಿಲ್ಲ.

ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹ ಇದೆ. ಅಲ್ಲಿಗೆ ಹೋದಾಗಲೆಲ್ಲ ಆ ಕಾರುಗಳ ಫಳಫಳ ನೋಡಿ ಸಂತೋಷಪಟ್ಟಿದ್ದೇನೆ. ಶ್ರೀಮಂತರ ಕಾರು ಉಳಿಯುತ್ತದೆ, ಉಳಿಸುವವರು ಸಿಗುತ್ತಾರೆ. ರಾಗಿ ಬೆಳೆಯುವವರನ್ನೂ ಕೊಬ್ಬರಿ ಮಾರುವವರನ್ನೂ ಮಂಜುನಾಥನ ಬಾಗಿಲಿಗೆ ತಂದು ಇಳಿಸಿದ ಗಾಡಿಗಳನ್ನು ಉಳಿಸಬೇಕಾದವರು ನಾವು, ಅದರಲ್ಲಿ ಕೂತು ಬಂದವರು.

ನಿಮ್ಮ ತೋಟದಲ್ಲೋ, ಹಿತ್ತಲಲ್ಲೋ, ಹಳೆಯ ಗ್ಯಾರೇಜಿನ ಹಿಂದೆಯೋ ಒಂದು ಮೆಟಡೋರ್ ನಿಂತಿದ್ದರೆ ಅದನ್ನು ಕೆಜಿ ಲೆಕ್ಕದಲ್ಲಿ ತೂಗಿಸುವ ಮೊದಲು ಸ್ವಲ್ಪ ತಡೆಯಿರಿ. ಪೂರಾ ಗಾಡಿ ಇಟ್ಟುಕೊಳ್ಳಲು ಆಗದಿದ್ದರೆ ಅದರ ಫೋಟೋ ತೆಗೆದಿಡಿ, ಆರ್‌ಸಿ ಪುಸ್ತಕ ಜೋಪಾನ ಮಾಡಿ, ಹಣೆಯ ಮೇಲಿನ ಬರಹದ ತಗಡನ್ನಾದರೂ ಕತ್ತರಿಸಿ ಇಟ್ಟುಕೊಳ್ಳಿ. ಅದನ್ನು ಓಡಿಸಿದವರು ಇನ್ನೂ ಇದ್ದರೆ ಒಂದು ಸಂಜೆ ಅವರ ಹತ್ತಿರ ಕೂತು ದಾರಿಗಳ ಹೆಸರು, ಹೊಳೆಗಳ ಹೆಸರು, ಅವರು ಕರೆದುಕೊಂಡು ಹೋದ ಮನೆತನಗಳ ಹೆಸರು ಬರೆದುಕೊಳ್ಳಿ. ಅವರಲ್ಲಿ ಬಹಳ ಜನರಿಗೆ ಈಗ ಎಪ್ಪತ್ತರ ಮೇಲಾಗಿದೆ, ತಡ ಮಾಡಬೇಡಿ.